ಒಂಬತ್ತನೇ ತಾರೀಕಿನ ಪತ್ರ

ಲಾಂಡ್ರಿಯ ಸರ್ವರ್ ಕೋಣೆ,
ಗುರುವಾರ, ಹದಿನಾರನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಅಂಗೈ ಹೇಗಿದೆ? ಬೊಬ್ಬೆ ಒಡೆಯಿತೇ, ಇಲ್ಲ ಇನ್ನೂ ಉಬ್ಬಿಕೊಂಡೇ ಇದೆಯೇ? ಒಡೆದಿದ್ದರೆ ದಯವಿಟ್ಟು ಚಿಕ್ಕಮ್ಮನ ಕೈಗೆ ಕೊಡಬೇಡ. ಅವಳು ಸುಟ್ಟಗಾಯಕ್ಕೆ ಹಲ್ಲುಜ್ಜುವ ಪೇಸ್ಟ್ ಬಳಿಯುವವರ ಪೈಕಿ. ಆಸ್ಪತ್ರೆಗೇ ಹೋಗಿ ಬ್ಯಾಂಡೇಜ್ ಬದಲಾಯಿಸಿಕೊಂಡು ಬಾ. ಊಟ ಮಾಡುತ್ತಿದ್ದೀಯಾ? ಎಡಗೈಯಲ್ಲಿ ತಿನ್ನಲು ನಾಚಿಕೆಯಾಗಿ ಅರ್ಧಕ್ಕೇ ಎದ್ದುಬಿಡುತ್ತೀಯ ಎಂದು ಚಿಕ್ಕಮ್ಮ ಅಮ್ಮನಿಗೆ ಹೇಳಿದಳಂತೆ. ಫೋನ್ ಆಫ್ ಮಾಡಿ ಕೂತಿದ್ದೀಯ, ಅದಕ್ಕೇ ಈ ಕಾಗದ. ಅಮ್ಮ ತಾನು ಚೆನ್ನಾಗಿದ್ದೇನೆ ಎಂದು ಬರೆಯಲು ಹೇಳಿದ್ದಾಳೆ. ಅಂದರೆ ಚೆನ್ನಾಗಿಲ್ಲ ಎಂದು ನಿನಗೂ ಗೊತ್ತು. ಮೊನ್ನೆಯಿಂದ ಮನೆಯ ಎಲ್ಲ ಪರದೆಗಳನ್ನೂ ಬಿಚ್ಚಿ ಒಗೆಯುತ್ತಿದ್ದಾಳೆ. ಇಬ್ಬರು ಮಕ್ಕಳು ಲಾಂಡ್ರಿಯಲ್ಲಿ ದುಡಿಯುವ ಮನೆಯಲ್ಲಿ ಪರದೆ ಕೈಯಲ್ಲಿ ಒಗೆಯುವುದು ಯಾಕಮ್ಮಾ ಎಂದರೆ, "ಸುಮ್ನಿದ್ರೆ ತಲೆ ಓಡುತ್ತೆ ಕಣೇ, ಕೈ ಓಡಲಿ ಬಿಡು" ಅಂದಳು.

ನಿನಗೆ ಗೊತ್ತಿರುವುದನ್ನೇ ಸ್ವಲ್ಪ ಬರೆಯುತ್ತೇನೆ, ಬೇಸರ ಮಾಡಬೇಡ. ಎಲ್ಲವನ್ನೂ ಸಾಲಾಗಿ ಇಟ್ಟು ನೋಡದೆ ನನಗೆ ಮುಂದಿನದು ಬರೆಯಲು ಬರುವುದಿಲ್ಲ. ಶನಿವಾರ, ಹನ್ನೊಂದನೇ ತಾರೀಕು, ಇಸ್ತ್ರಿ ವಿಭಾಗದ ಎರಡನೇ ಉರುಳೆಗೆ, ನಾವೆಲ್ಲ ಇಸ್ತ್ರಿ ಅಕ್ಕ ಎಂದು ಕರೆಯುವವಳ ಕೈ ಸಿಕ್ಕಿತು. ಬೆರಳು ತಾಗಿದ ಕೂಡಲೇ ಯಂತ್ರ ನಿಲ್ಲಿಸಬೇಕಾದ ತಡೆಪಟ್ಟಿ ನಿಲ್ಲಿಸಲಿಲ್ಲ. ನೀನು ಓಡಿಹೋಗಿ ಕಾದ ಉರುಳೆಯನ್ನೇ ಬರಿಗೈಯಲ್ಲಿ ಹಿಂದಕ್ಕೆ ನೂಕಿದೆ. ಅವಳಿಗೆ ಮೂರು ಬೆರಳು ಹೋದವು, ನಿನಗೆ ಅಂಗೈಯ ಚರ್ಮ ಹೋಯಿತು. ಪಾಳಿಯ ಜವಾಬ್ದಾರಿ ನಿನ್ನದು, ಪಟ್ಟಿ ಕೆಟ್ಟಿದ್ದು ಗೊತ್ತಿದ್ದೂ ಯಂತ್ರ ಓಡಿಸಿದೆ ಎಂದು ನಿನ್ನನ್ನು ಮನೆಗೆ ಕಳಿಸಿದರು. ಎರಡು ದಿನ ಮೊದಲೇ, ಗುರುವಾರ ಒಂಬತ್ತನೇ ತಾರೀಕು, ದುರಸ್ತಿ ಮೇಸ್ತ್ರಿಗೆ ಮೇಲ್‌ನಲ್ಲಿ ದೂರು ಕೊಟ್ಟಿದ್ದೇನೆ ಎಂದು ನೀನು ಹೇಳಿದೆ. ನನಗೆ ಏನೂ ಬಂದಿಲ್ಲ ಎಂದು ಮೇಸ್ತ್ರಿ ಹೇಳಿದ. ಸೋಮವಾರ ಇಪ್ಪತ್ತಕ್ಕೆ ವಿಚಾರಣೆ. ಪತ್ರ ಇದ್ದರೆ ತಪ್ಪು ಮೇಸ್ತ್ರಿಯದು, ಇಲ್ಲದಿದ್ದರೆ ನಿನ್ನದು. ವಿಚಾರಣೆಯೆಲ್ಲ ಇಷ್ಟೇ. ಲಿಖಿತದಲ್ಲಿ ಇಲ್ಲದ ದೂರು ದೂರೇ ಅಲ್ಲ ಎಂಬುದು ನಮ್ಮ ಲಾಂಡ್ರಿಯ ನಿಯಮವಾಗಿ ಒಂದು ವರ್ಷವಾಯಿತು. ಆ ನಿಯಮ ಬೇಕೆಂದು ಸಭೆಯಲ್ಲಿ ಮೇಜು ಕುಟ್ಟಿದವರಲ್ಲಿ ನಾನೂ ಒಬ್ಬಳು. ಬಾಯಿಮಾತನ್ನು ಯಜಮಾನರು ನುಂಗಿಬಿಡುತ್ತಾರೆ, ಬರಹವನ್ನು ನುಂಗಲಾರರು ಎಂದು ಕರಪತ್ರದಲ್ಲಿ ಓದಿದ್ದೆ.

ನೀನು ಚಿಕ್ಕಮ್ಮನ ಊರಿಗೆ ಹೊರಟುಹೋದ ಮಾರನೆಯ ದಿನ, ಸೋಮವಾರ, ಮೇಲ್ ಸರ್ವರ್ ಕೆಟ್ಟಿತು. ಇದು ನಿನಗೆ ಗೊತ್ತಿಲ್ಲ. ಬೆಳಗ್ಗೆ ಬಾಯ್ಲರ್ ಹತ್ತಿಸಿದಾಗ ಕರೆಂಟು ಎರಡು ಸಲ ಹೋಗಿ ಬಂತು. ನಮ್ಮ ಬ್ಯಾಟರಿ ಪೆಟ್ಟಿಗೆ ಒಂದು ಸಲ ತಡೆದುಕೊಂಡು, ಎರಡನೇ ಸಲ ಕೈಬಿಟ್ಟಿತು. ಮತ್ತೆ ಚಾಲೂ ಮಾಡಿದರೆ ಸರ್ವರ್ ಎದ್ದಿತು, ಮೇಲ್ ಏಳಲಿಲ್ಲ. ಮುನ್ನೂರ ನಲವತ್ತು ಜನರ ಪತ್ರಗಳೆಲ್ಲ ಇರುವುದು ಒಂದೇ ಒಂದು ಫೈಲಿನಲ್ಲಿ, ಅಣ್ಣಾ. ಅದನ್ನು ಒಂದು ದಪ್ಪ ಪುಸ್ತಕ ಎಂದುಕೋ. ಪ್ರತಿ ಪುಟದ ಮೂಲೆಯಲ್ಲಿ ಒಂದು ಲೆಕ್ಕದ ಅಂಕಿ ಇರುತ್ತದೆ. ಪುಟದಲ್ಲಿ ಬರೆದದ್ದಕ್ಕೂ ಆ ಅಂಕಿಗೂ ತಾಳೆಯಾಗಬೇಕು. ತಾಳೆಯಾಗದಿದ್ದರೆ ಆ ಪುಟ ಕೆಟ್ಟಿದೆ ಎಂದರ್ಥ. ನಾನು ತಪಾಸಣೆಗೆ ಹಾಕಿದೆ. ಹನ್ನೊಂದು ಲಕ್ಷ ಪುಟ. ಅದು ಒಂದೊಂದೇ ಓದುತ್ತಾ ಹೋಗುವಾಗ ನಾನು ಎದುರು ಕೂತು ಉಗುರು ಕಚ್ಚಿದೆ. ಮೂರು ಗಂಟೆಗೆ ಮುಗಿಯಿತು. ನಾನೂರ ಹನ್ನೆರಡು ಪುಟ ಕೆಟ್ಟಿದ್ದವು. ಯಾರ ಪುಟಗಳು ಎಂದು ನೋಡಿದರೆ ಹೆಚ್ಚಿನವು ಇಸ್ತ್ರಿ ವಿಭಾಗದವು, ದುರಸ್ತಿ ವಿಭಾಗದವು.

ನನ್ನ ತಲೆಯಲ್ಲಿ ಏನು ಓಡಿರಬಹುದು ಎಂದು ನಿನಗೆ ಹೇಳಬೇಕಾಗಿಲ್ಲ. ನಮ್ಮ ಕೋಣೆಯ ಹಿರಿಯರ ಹತ್ತಿರ, ಅದೇ ನಿಧಾನಪ್ಪನವರ ಹತ್ತಿರ, ಇದು ಪಿತೂರಿ ಎಂದು ಕೂಗಿದೆ. ಮುನ್ನೂರ ನಲವತ್ತು ಜನರಲ್ಲಿ ಸರಿಯಾಗಿ ಇವರದೇ ಕೆಡಬೇಕೇ, ಸರಿಯಾಗಿ ಈ ವಾರವೇ ಕೆಡಬೇಕೇ ಎಂದೆ. ಅವರು ಕನ್ನಡಕ ಒರೆಸಿಕೊಳ್ಳುತ್ತಾ, "ಇಸ್ತ್ರಿ, ದುರಸ್ತಿ ಎರಡನ್ನೂ ಒಂದೇ ದಿನ ಮೇಲ್‌ಗೆ ಸೇರಿಸಿದ್ದಮ್ಮ ನಾವು, ಪಕ್ಕಪಕ್ಕ ಕೂತಿವೆ ಡಿಸ್ಕಿನಲ್ಲಿ. ಡಿಸ್ಕಿಗೆ ವರ್ಗ ಸಂಘರ್ಷ ಗೊತ್ತಿಲ್ಲ" ಅಂದರು. ನನಗೆ ಮೈಯೆಲ್ಲ ಉರಿಯಿತು. ಅದಕ್ಕಿಂತ ಹೆಚ್ಚು ಉರಿದದ್ದು ಅವರು ಇನ್ನೊಂದು ತೋರಿಸಿದಾಗ. ಪ್ರತಿ ಭಾನುವಾರ ಇಡೀ ಪುಸ್ತಕದ ಒಂದು ನಕಲು ತಾನಾಗಿ ತಯಾರಾಗುತ್ತದೆ, ಈ ಭಾನುವಾರದ್ದು ಅರ್ಧಕ್ಕೇ ನಿಂತಿತ್ತು. ಕೆಟ್ಟ ಪುಟ ಎದುರಾದರೆ ಅದು ಮುಂದೆ ಹೋಗುವುದಿಲ್ಲ. ಅಂದರೆ ಕರೆಂಟು ಹೋಗುವ ಮೊದಲೇ ಪುಟಗಳು ಕೆಡಲು ಶುರುವಾಗಿದ್ದವು. ಕೆಂಪು ಅಕ್ಷರದ ಎಚ್ಚರಿಕೆ ಭಾನುವಾರವೇ ನನ್ನ ಫೋನಿಗೆ ಬಂದಿತ್ತು. ನಿನ್ನ ಚೀಲ ತುಂಬಿಸುತ್ತಿದ್ದೆ, ನಾಳೆ ನೋಡೋಣ ಎಂದು ಒರೆಸಿಹಾಕಿದ್ದೆ.

ವ್ಯವಸ್ಥಾಪಕರು ಬಾಗಿಲಲ್ಲೇ ನಿಂತು, "ಆಸ್ಪತ್ರೆಯವರ ಆರ್ಡರ್ ಬರ್ತಿಲ್ಲ, ಒಂದು ಕಮಾಂಡ್ ಹೊಡೆದ್ರೆ ಸರಿಹೋಗುತ್ತಂತಲ್ಲ, ಹೊಡೀರಿ" ಅಂದರು. ಆ ಕಮಾಂಡಿನ ಹೆಸರೇ ದುರಸ್ತಿ. ಹೆಸರು ಕೇಳಿ ಮೋಸಹೋಗಬೇಡ. ಅದು ಕೆಟ್ಟ ಪುಟವನ್ನು ಸರಿಮಾಡುವುದಿಲ್ಲ. ತನಗೆ ಅರ್ಥವಾಗದ ಪುಟವನ್ನು ಹರಿದು ಬಿಸಾಡಿ, ಉಳಿದದ್ದನ್ನು ಹೊಲಿದು, ಪುಸ್ತಕ ಈಗ ಸರಿಯಾಗಿದೆ ಎನ್ನುತ್ತದೆ. ಕೊಳೆತದ್ದನ್ನು ಕಿತ್ತೆಸೆದರೆ ಉಳಿದದ್ದು ತಾನಾಗಿ ನೆಟ್ಟಗಾಗುತ್ತದೆ ಎಂದು ನಾನೇ ಎಷ್ಟು ಸಲ ಊಟದ ಮೇಜಿನಲ್ಲಿ ಭಾಷಣ ಮಾಡಿಲ್ಲ? ಆ ನಾನೂರ ಹನ್ನೆರಡು ಪುಟಗಳಲ್ಲಿ ನಿನ್ನದೂ ಒಂದಿರಬಹುದು ಎಂದು ಗೊತ್ತಾದಾಗ ಮಾತ್ರ, ಕಿತ್ತೆಸೆಯುವ ಮೊದಲು ಪುಟವನ್ನು ಒಮ್ಮೆ ಓದಬೇಕಲ್ಲವೇ ಅನ್ನಿಸಿತು. ನಾನು ಕೀಲಿಮಣೆಯ ಮೇಲೆ ಎರಡೂ ಕೈ ಇಟ್ಟು, ಹೊಡೆಯುವುದಿಲ್ಲ ಎಂದೆ. ನಿಧಾನಪ್ಪನವರು ನನ್ನ ಪರ ನಿಂತರು, ಅವರದೇ ನಿಧಾನದಲ್ಲಿ: "ಹೊಡೀಬಹುದು ಸಾರ್, ಹೊಡೆದ ಮೇಲೆ ಏನು ಹೋಯ್ತು ಅಂತ ಯಾರೂ ಹೇಳೋಕಾಗಲ್ಲ. ಬೇಕಾದ್ರೆ ಎಲ್ಲರಿಗೂ ಖಾಲಿ ಮೇಲ್ ಪೆಟ್ಟಿಗೆ ಕೊಡ್ತೀವಿ, ಇವತ್ತಿಂದ ಬರೋ ಪತ್ರ ಬರಲಿ, ಹೋಗೋದು ಹೋಗಲಿ. ಹಳೇದನ್ನ ಹಿಂದೆ ಕೂತು ಕಟ್ತೀವಿ. ಎರಡು ದಿನ." ಒಂದು ಗಂಟೆಯಲ್ಲಿ ಆಸ್ಪತ್ರೆಯ ಆರ್ಡರ್ ಬರತೊಡಗಿತು. ವ್ಯವಸ್ಥಾಪಕರು ಹೋದರು. ಅವರ ವಿರುದ್ಧ ಮಾಡಲೆಂದು ಒಂದು ಇಡೀ ವಾದವನ್ನು ಮನಸ್ಸಿನಲ್ಲಿ ಸಿದ್ಧಪಡಿಸಿದ್ದೆ, ಅದು ವ್ಯರ್ಥವಾಯಿತು.

ಹಳೆಯದನ್ನು ಕಟ್ಟುವುದು ಹೇಗೆ ಎಂದರೆ, ಐದನೇ ತಾರೀಕು ಭಾನುವಾರದ ಒಳ್ಳೆಯ ನಕಲು ಇತ್ತು. ಅಲ್ಲಿಂದ ಈಚೆಗೆ ನಡೆದದ್ದೆಲ್ಲ ದಿನಚರಿಗಳಲ್ಲಿದೆ. ಸರ್ವರ್ ಯಾವುದನ್ನೂ ನೇರವಾಗಿ ಪುಸ್ತಕಕ್ಕೆ ಬರೆಯುವುದಿಲ್ಲ. ಮೊದಲು ದಿನಚರಿಯ ಚೂರುಗಳಲ್ಲಿ ಕ್ರಮಸಂಖ್ಯೆ ಹಾಕಿ ಬರೆದು, ಆಮೇಲೆ ಪುಸ್ತಕಕ್ಕೆ ಏರಿಸುತ್ತದೆ. ಹಾಗಾಗಿ ಹಳೆಯ ನಕಲನ್ನು ತಂದಿಟ್ಟು, ದಿನಚರಿಗಳನ್ನು ಒಂದಾದ ಮೇಲೊಂದು ಓದಿಸಿದರೆ ಆ ಎಂಟು ದಿನ ಮತ್ತೆ ನಡೆದುಹೋಗುತ್ತದೆ. ಆರುನೂರ ಹದಿನೆಂಟು ಚೂರುಗಳು. ಒಂದು ತಪ್ಪಿದರೂ ಸರಪಳಿ ಅಲ್ಲಿಗೇ ನಿಲ್ಲುತ್ತದೆ. ಮಂಗಳವಾರ ನಕಲು ಇಳಿಸಿ ಓದಿಸಲು ಹಚ್ಚಿದೆವು. ಮುನ್ನೂರ ನಾಲ್ಕರವರೆಗೆ ಸರಾಗವಾಗಿ ಹೋಯಿತು. ಮುನ್ನೂರ ಐದು ಇರಲಿಲ್ಲ. ತಾರೀಕು ನೋಡಿದೆ: ಎಂಟು, ಬುಧವಾರ ಸಂಜೆ. ಗುರುವಾರದ ಹೊಸ್ತಿಲಲ್ಲಿ ಸರಪಳಿ ಕಡಿದಿತ್ತು.

ಇನ್ನು ನಾನು ಮಾಡಿದ್ದನ್ನು ಓದಿ ನೀನು ನಗಬೇಡ. ನೇರವಾಗಿ ದುರಸ್ತಿ ಶೆಡ್ಡಿಗೆ ಹೋದೆ. ಮೇಸ್ತ್ರಿ ಒಣಗಿಸುವ ಯಂತ್ರದ ಹೊಟ್ಟೆಯೊಳಗೆ ಅರ್ಧ ಇಳಿದಿದ್ದ. ಹೊರಗೆ ಕಾಲು ಮಾತ್ರ ಕಾಣುತ್ತಿತ್ತು. ಆ ಕಾಲುಗಳಿಗೇ, ಕಳ್ಳತನ ಮಾಡಿದ ದಿನಚರಿ ವಾಪಸ್ ಕೊಡಿ ಎಂದು ಹತ್ತು ಜನರ ಮುಂದೆ ಕೂಗಿದೆ. ಸತ್ಯವನ್ನು ಹೂತವರಿಗೆ ಇತಿಹಾಸ ಕ್ಷಮೆ ಕೊಡುವುದಿಲ್ಲ ಎಂದೂ ಸೇರಿಸಿದೆ. ಆತ ತೆವಳಿಕೊಂಡು ಹೊರಬಂದು, ಮುಖಕ್ಕೆ ಅಂಟಿದ್ದ ನೂಲು ಕಿತ್ತುಕೊಳ್ಳುತ್ತಾ, "ತಾಯಿ, ನಿನ್ನ ಪೆಟ್ಟಿಗೆ ತೆಗೆಯೋಕೂ ಬರಲ್ಲ ನಂಗೆ, ಮುಚ್ಚೋಕೂ ಬರಲ್ಲ. ನಟ್ಟು ಕದ್ದಿದ್ದೀನಿ ಅನ್ನು, ಒಪ್ಕೋತೀನಿ. ನಿಮ್ಮಣ್ಣ ಪತ್ರ ಹಾಕಿದ್ರೆ ಓಡಿ ಹೋಗಿ ಪಟ್ಟಿ ಬದಲಾಯಿಸ್ತಿದ್ದೆ. ಆ ಹೆಣ್ಣುಮಗಳ ಕೈ ಕನಸಲ್ಲಿ ಬರ್ತಿದೆ ನಂಗೆ" ಅಂದ. ನಟನೆ ಎಂದುಕೊಂಡು ಬಂದೆ. ಬರುವಷ್ಟರಲ್ಲಿ ನಿಧಾನಪ್ಪನವರು ಮುನ್ನೂರ ಐದನ್ನು ಹುಡುಕಿಟ್ಟಿದ್ದರು. ವೈರಸ್ ಹಿಡಿಯುವ ತಂತ್ರಾಂಶ ಅದನ್ನು ಅನುಮಾನಪಟ್ಟು ತನ್ನ ಬಂದೀಖಾನೆಯಲ್ಲಿ ಇಟ್ಟುಕೊಂಡಿತ್ತು. "ಕಾವಲುಗಾರನಿಗೆ ಎಲ್ಲರೂ ಕಳ್ಳರ ಥರಾನೇ ಕಾಣ್ತಾರೆ ನೋಡಮ್ಮ" ಎಂದು ಹೇಳಿ ಅವರು ಕಾಫಿಗೆ ಹೋದರು. ಅದು ನನಗೆ ಹೇಳಿದ್ದೋ ತಂತ್ರಾಂಶಕ್ಕೆ ಹೇಳಿದ್ದೋ ಎಂದು ಇವತ್ತಿಗೂ ಬಗೆಹರಿದಿಲ್ಲ.

ಅದನ್ನು ಬಿಡಿಸಿ ತಂದು ಸಾಲಿನಲ್ಲಿಟ್ಟ ಮೇಲೆ ಸರಪಳಿ ಕೊನೆಯವರೆಗೂ ಓಡಿತು. ಬುಧವಾರ ಹನ್ನೊಂದು ಗಂಟೆಗೆ ಪುಸ್ತಕ ಪೂರ್ತಿಯಾಯಿತು. ಮತ್ತೊಮ್ಮೆ ತಪಾಸಣೆ ಮಾಡಿದೆವು: ಹನ್ನೊಂದು ಲಕ್ಷ ಪುಟ, ಕೆಟ್ಟದ್ದು ಸೊನ್ನೆ. ಅಣ್ಣಾ, ನಾನು ಇಂಥ ಸೊನ್ನೆಯನ್ನು ಹಿಂದೆ ನೋಡಿರಲಿಲ್ಲ. ವಿಚಾರಣಾಧಿಕಾರಿ ಕೊಟ್ಟ ಲಿಖಿತ ಆಜ್ಞೆ ಹಿಡಿದು, ನಿಧಾನಪ್ಪನವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎರಡು ಪೆಟ್ಟಿಗೆ ತೆರೆದೆ. ಮೇಸ್ತ್ರಿಯದರಲ್ಲಿ ಒಂಬತ್ತನೇ ತಾರೀಕು ನಿನ್ನಿಂದ ಏನೂ ಬಂದಿರಲಿಲ್ಲ. ಅಳಿಸಿದ್ದರ ಗುರುತೂ ಇರಲಿಲ್ಲ. ನಿನ್ನದರಲ್ಲಿ ಕಳುಹಿಸಿದ ಪತ್ರಗಳ ಸಾಲಿನಲ್ಲಿ ಅದು ಇರಲಿಲ್ಲ. ಪತ್ರ ಇತ್ತು. ಕರಡುಗಳ ಸಾಲಿನಲ್ಲಿತ್ತು. ಗುರುವಾರ, ಒಂಬತ್ತು, ಬೆಳಗ್ಗೆ ಹತ್ತು ನಲವತ್ತು. "ಎರಡನೇ ಉರುಳೆಯ ತಡೆಪಟ್ಟಿ ತಡವಾಗಿ ನಿಲ್ಲಿಸುತ್ತಿದೆ, ಯಾರದಾದರೂ ಕೈ ಹೋಗುವ ಮೊದಲು ನೋಡಿ." ಮೇಸ್ತ್ರಿಯ ವಿಳಾಸ ಸರಿಯಾಗಿತ್ತು, ಒಂದಕ್ಷರವೂ ತಪ್ಪಿರಲಿಲ್ಲ. ಅದು ನಿನ್ನ ಪೆಟ್ಟಿಗೆ ಬಿಟ್ಟು ಹೊರಗೆ ಕಾಲಿಟ್ಟೇ ಇರಲಿಲ್ಲ.

ಮೊದಲು ನಿನ್ನ ಮೇಲೆ ಸಿಟ್ಟು ಬಂತು. ಬರೆದು, ಕಳಿಸದೆ, ಕಳಿಸಿದೆ ಎಂದು ಹೇಳಿದೆಯಲ್ಲ ಎಂದು. ಆಮೇಲೆ ಕಂಪ್ಯೂಟರ್ ಪರದೆಯ ಕೆಳಗಿನ ಎರಡು ಗುಂಡಿಗಳನ್ನು ನೋಡಿದೆ. ಹೋದ ವರ್ಷ ಮೇಲ್‌ನ ಗುಂಡಿಗಳೆಲ್ಲ ನಮ್ಮ ಮಾತಿನಲ್ಲೇ ಇರಬೇಕು ಎಂದು ವ್ಯವಸ್ಥಾಪಕರ ಜೊತೆ ಜಗಳವಾಡಿ, ನಾನೇ ನಿಘಂಟು ಇಟ್ಟುಕೊಂಡು ಒಂದೊಂದಕ್ಕೂ ಪದ ಹಾಕಿದ್ದೆನಲ್ಲ. ಸೇವ್ ಎಂಬುದಕ್ಕೆ ಅಮ್ಮ "ಉಳಿಸು ಅಂತ ಹಾಕಿದ್ರೆ ಸಾಕಲ್ವೇನೇ" ಅಂದಿದ್ದಳು. ಮಿಕ್ಕಿದ ಅನ್ನದ ಹಾಗೆ ಕೇಳುತ್ತದೆ ಎಂದು ನಾನು ಒಪ್ಪಲಿಲ್ಲ. ದುಡಿಯುವವರ ಬರಹಕ್ಕೆ ಒಂದು ಗೌರವ ಬೇಕು ಎಂದು "ದಾಖಲಿಸು" ಎಂದು ಹಾಕಿದೆ. ಸೆಂಡ್ ಎಂಬುದಕ್ಕೆ, ಕಳುಹಿಸು ತೀರಾ ಸಪ್ಪೆ ಎಂದು, "ರವಾನಿಸು" ಎಂದು ಹಾಕಿದೆ. ನಮ್ಮಲ್ಲಿ ರವಾನೆ ಎಂದರೆ ಒಗೆದ ಬಟ್ಟೆ ಲಾರಿಗೆ ಏರಿಸುವ ವಿಭಾಗ! ನೀನು ಇಸ್ತ್ರಿ ಯಂತ್ರದ ದೂರು ಬರೆದು, ಅದನ್ನು ಲಾರಿಯವರಿಗೆ ಯಾಕೆ ಕಳಿಸುತ್ತೀಯ? ದೂರನ್ನು ಏನು ಮಾಡುತ್ತಾರೆ? ದಾಖಲಿಸುತ್ತಾರೆ. ಠಾಣೆಯಲ್ಲೂ ದಾಖಲಿಸುತ್ತಾರೆ, ಕಚೇರಿಯಲ್ಲೂ ದಾಖಲಿಸುತ್ತಾರೆ. ನೀನು ದೂರು ದಾಖಲಿಸಿದೆ. ಪೆಟ್ಟಿಗೆ ಅದನ್ನು ಜೋಪಾನವಾಗಿ ತನ್ನಲ್ಲೇ ಇಟ್ಟುಕೊಂಡಿತು.

ನೀನು ಸುಳ್ಳು ಹೇಳಿಲ್ಲ. ಮೇಸ್ತ್ರಿಯೂ ಸುಳ್ಳು ಹೇಳಿಲ್ಲ. ನಾನು ಓದಿದ ಯಾವ ಕರಪತ್ರದಲ್ಲೂ ಹೀಗೊಂದು ಜಾಗವೇ ಇಲ್ಲ, ಅಣ್ಣಾ. ಅಲ್ಲಿ ಒಂದು ಕಡೆ ನಿಜ ಇದ್ದರೆ ಇನ್ನೊಂದು ಕಡೆ ಸುಳ್ಳು ಇರಲೇಬೇಕು.

ನಿಧಾನಪ್ಪನವರು ವರದಿಯ ಕಾಗದ ತರಲು ಎದ್ದುಹೋದರು. ಕೋಣೆಯಲ್ಲಿ ನಾನೊಬ್ಬಳೇ, ಎರಡೂ ಪೆಟ್ಟಿಗೆ ತೆರೆದಿವೆ, ಇಡೀ ಪುಸ್ತಕದ ಬೀಗದಕೈ ನನ್ನ ಕೈಯಲ್ಲಿದೆ. ಆ ಕರಡನ್ನು ಎತ್ತಿ ಮೇಸ್ತ್ರಿಯ ಪೆಟ್ಟಿಗೆಯಲ್ಲಿ ಅದೇ ತಾರೀಕಿನಲ್ಲಿ ಇಟ್ಟುಬಿಡುವುದು ನನಗೆ ಎರಡು ನಿಮಿಷದ ಕೆಲಸ. ಪತ್ರವೂ ನಿಜ, ತಾರೀಕೂ ನಿಜ, ವಿಳಾಸವೂ ನಿಜ. ನಡುವಿನ ಒಂದು ಹೆಜ್ಜೆ ಮಾತ್ರ ನನ್ನದು. ನ್ಯಾಯಕ್ಕಾಗಿ ಒಂದು ಹೆಜ್ಜೆ ಎಂದು ನನ್ನೊಳಗಿನ ಭಾಷಣಕಾರ್ತಿ ಶುರುಮಾಡಿಯೇಬಿಟ್ಟಳು. ನೀನು ವಾಪಸ್ ಬರುತ್ತೀಯ, ಅಮ್ಮ ಪರದೆ ಒಗೆಯುವುದು ನಿಲ್ಲಿಸುತ್ತಾಳೆ. ಕೈ ಮೌಸ್ ಮೇಲಿತ್ತು. ಹೆದರಿ ತೆಗೆದೆ ಎಂದುಕೊಳ್ಳಬೇಡ. ಲೆಕ್ಕ ಹಾಕಿ ತೆಗೆದೆ. ನಿನ್ನ ಪತ್ರವನ್ನು ಸರಿಸಿದರೆ, ಎಲ್ಲ ಪತ್ರಗಳೂ ಸರಿಯಾಗಿ ಹೋಗುತ್ತಿವೆ ಎಂದಾಗುತ್ತದೆ. ಮೇಸ್ತ್ರಿ ಅಪರಾಧಿಯಾಗುತ್ತಾನೆ, ಗುಂಡಿ ನಿರಪರಾಧಿಯಾಗುತ್ತದೆ, ನಾಳೆ ಬೆಳಗ್ಗೆ ಮತ್ತೆ ಯಾರದೋ ದೂರನ್ನು ನುಂಗಲು ಬಾಯಿ ತೆರೆದು ಕೂರುತ್ತದೆ.

ಈ ಯೋಚನೆ ಬಂದಾಗಲೇ ಇನ್ನೊಂದು ಹೊಳೆಯಿತು. ನುಂಗಿದ್ದು ನಿನ್ನದೊಂದನ್ನೇ ಏನು? ಬೇರೆಯವರ ಪತ್ರ ಬಿಡಿಸುವ ಹಕ್ಕು ನನಗಿಲ್ಲ, ಬಿಡಿಸಲೂ ಇಲ್ಲ. ನಿಧಾನಪ್ಪನವರು ಬಂದ ಮೇಲೆ ಅವರ ಎದುರೇ, ಕರಡುಗಳಲ್ಲಿ ದೂರು ಎಂದು ತಲೆಬರಹ ಇರುವುದು ಎಷ್ಟು ಎಂದು ಮಾತ್ರ ಎಣಿಸಿದೆ. ನಲವತ್ತೊಂದು ಜನರ ಪೆಟ್ಟಿಗೆಯಲ್ಲಿ ಎಪ್ಪತ್ತಮೂರು. ತಲೆಬರಹದಲ್ಲೇ ಕಂಡದ್ದು: ಸೋರುವ ಹಬೆ ಕೊಳವೆ, ಜಾರುವ ನೆಲ, ಒಡೆದ ದೀಪ. ಒಂದು ಇಸ್ತ್ರಿ ಅಕ್ಕನದು, ಎಂಟನೇ ತಾರೀಕು: "ಪಟ್ಟಿ ನಿಲ್ತಿಲ್ಲ, ದೂರು." ಅವಳೂ ದಾಖಲಿಸಿದ್ದಳು. ನಿಧಾನಪ್ಪನವರು ಆ ಸಾಲನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಗುಂಡಿಗಳನ್ನು ನಿನ್ನೆಯೇ ಬದಲಾಯಿಸಿದೆ. ಒಂದು "ಕಳಿಸು". ಇನ್ನೊಂದಕ್ಕೆ ಏನು ಹಾಕಲಿ ಎಂದು ಈ ಸಲ ನಿಘಂಟನ್ನು ಕೇಳಲಿಲ್ಲ, ಅಮ್ಮನನ್ನು ಕೇಳಿದೆ. "ಇನ್ನೂ ಕಳಿಸಿಲ್ಲ, ಇಟ್ಟಿರಲಿ" ಎಂದು ಹೇಳಿದಳು. ಗುಂಡಿಯಲ್ಲಿ ಹಿಡಿಸದಷ್ಟು ಉದ್ದ. ಗುಂಡಿಯನ್ನೇ ಅಗಲ ಮಾಡಿದೆ. ಸಾಯಂಕಾಲ ಇಸ್ತ್ರಿ ವಿಭಾಗದ ಒಬ್ಬಾಕೆ ಅದನ್ನು ನೋಡಿ, "ಇದೇನು, ನಮ್ಮತ್ತೆ ಮಾತಾಡಿದ ಹಾಗಿದೆ" ಎಂದು ನಕ್ಕಳು. ಆಮೇಲೆ ತನ್ನ ಹಳೆಯ ದೂರು ಯಾಕೆ ಹೋಗಿರಲಿಲ್ಲ ಎಂದು ತಾನಾಗಿಯೇ ಅರ್ಥಮಾಡಿಕೊಂಡು ನಗು ನಿಲ್ಲಿಸಿದಳು.

ಇಷ್ಟು ಸುದ್ದಿ. ಸೋಮವಾರ ಏನು ಹೇಳಬೇಕು ಎಂದು ನೀನೇ ಯೋಚಿಸು. ಯೋಚಿಸುವಾಗ ಮೇಸ್ತ್ರಿಯನ್ನೂ ನೆನಪಿಸಿಕೋ. ನಾನು ನಿನ್ನೆ ಶೆಡ್ಡಿಗೆ ಹೋಗಿ, ಆ ಹತ್ತು ಜನರ ಮುಂದೆಯೇ, ನನ್ನ ತಪ್ಪು ಎಂದು ಹೇಳಿ ಬಂದೆ. ಆತ ಕೈ ಒರೆಸಿಕೊಂಡು, "ಆಯ್ತು ಬಿಡು, ಈಗ ಇತಿಹಾಸ ಕ್ಷಮಿಸುತ್ತೇನು ನನ್ನ?" ಎಂದು ಕೇಳಿದ. ಎಲ್ಲರೂ ನಕ್ಕರು. ನನಗೆ ನಗಲು ಬರಲಿಲ್ಲ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು, ಅವಳ ಮೊಣಕಾಲಿಗೆ ಬೇಗ ಗುಣವಾಗಲಿ. ನೀನು ಎಡಗೈಯಲ್ಲಾದರೂ ಸರಿ, ಹೊಟ್ಟೆ ತುಂಬ ತಿನ್ನು. ಅಮ್ಮನ ಆಶೀರ್ವಾದವೂ ಇದರೊಳಗೇ ಮಡಚಿದೆ.

ನಿನ್ನ
ತಂಗಿ

ಮರೆತೆನೆಂದಲ್ಲ, ಬರೆಯಲು ಧೈರ್ಯ ಬರಲಿಲ್ಲ: ಚಿಕ್ಕಮ್ಮನ ಊರಿನ ಆಸ್ಪತ್ರೆಯಿಂದ ಹಾಸಿಗೆಬಟ್ಟೆ ತರಲು ಹೋಗುವ ಲಾರಿ ಕೆಳಗೆ ಹಾರ್ನ್ ಹೊಡೆಯುತ್ತಿದೆ, ಕಾಗದ ಚಾಲಕನ ಕೈಗೆ ಕೊಡಬೇಕು, ಆದ್ದರಿಂದ ಈಗಲಾದರೂ. ನಿನಗೆ ಯೋಚಿಸಲು ಏನೂ ಉಳಿಸಿಲ್ಲ, ಅಣ್ಣಾ. ಇವತ್ತು ಬೆಳಗ್ಗೆ ಹತ್ತಕ್ಕೆ, ಈ ಪತ್ರದ ಮೊದಲ ಸಾಲು ಬರೆಯುವ ಮೊದಲೇ, ಎಲ್ಲವನ್ನೂ ವಿಚಾರಣಾಧಿಕಾರಿಯ ಕೈಗೆ ಕೊಟ್ಟಾಗಿದೆ. ನಿನ್ನ ಪತ್ರ ಕರಡಿನಲ್ಲೇ ಇತ್ತು, ಮೇಸ್ತ್ರಿಗೆ ತಲುಪಿರಲಿಲ್ಲ, ಕಾರಣ ನಾನು ಹಾಕಿದ ಪದ. ಕೆಳಗೆ ನನ್ನ ಸಹಿ. ನಿನ್ನ ಮೇಲಿನ ಆರೋಪ ಹೋಗುತ್ತದೋ ಇಲ್ಲವೋ ಅವರು ಹೇಳಲಿಲ್ಲ. ಪಟ್ಟಿ ಕೆಟ್ಟಿದ್ದು ಗೊತ್ತಿದ್ದೂ ಯಂತ್ರ ಯಾಕೆ ನಿಲ್ಲಿಸಲಿಲ್ಲ ಎಂದು ಕೇಳೇ ಕೇಳುತ್ತಾರೆ, ಅದಕ್ಕೆ ನನ್ನ ಹತ್ತಿರವೂ ಉತ್ತರವಿಲ್ಲ. ನಿನ್ನನ್ನು ಒಂದು ಮಾತು ಕೇಳಿ ಕೊಡಬಹುದಿತ್ತು. ನೀನು ಬೇಡ ಎಂದಿದ್ದರೆ ನಾನು ಕೊಡುತ್ತಿರಲಿಲ್ಲ. ಅದಕ್ಕೇ ಕೇಳಲಿಲ್ಲ. ಸೋಮವಾರ ಬಾ.